ಕ್ಯಾಮೆರಾ ಹಿಡಿದವನಿಗಿಂತ ಕಡಿಮೆ: ಡಯಾನಾ ರಿಗ್ ಕೇಳಿದ ಸಂಭಾವನೆಯ ಲೆಕ್ಕ

2017ರ ಜುಲೈ ತಿಂಗಳು. ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಏಳನೆಯ ಸೀಸನ್ ಬರುತ್ತಿತ್ತು. ಬೆಂಗಳೂರಿನಲ್ಲೂ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲೇ ಹೊಸ ಕಂತು ನೋಡಿ ಮುಗಿಸುವವರಿದ್ದರು. ಆ ತಿಂಗಳ ಕೊನೆಯ ಕಂತಿನಲ್ಲಿ ಒಲೆನ್ನಾ ಟೈರೆಲ್ ಎಂಬ ಅಜ್ಜಿ ವಿಷವನ್ನು ಒಂದೇ ಗುಟುಕಿಗೆ ಕುಡಿದು ಬಟ್ಟಲು ಕೆಳಗಿಡುತ್ತಾಳೆ. ಆಮೇಲೆ ಎದುರಿಗಿದ್ದವನಿಗೆ, ನಿನ್ನ ಮಗನನ್ನು ಕೊಂದದ್ದು ನಾನೇ ಎಂದು ತಣ್ಣಗೆ ಹೇಳುತ್ತಾಳೆ. ಆ ದೃಶ್ಯ ಮರೆತವರು ಕಡಿಮೆ. ಅಜ್ಜಿಯ ಪಾತ್ರ ಮಾಡಿದ ಡಯಾನಾ ರಿಗ್ ಅವರಿಗೆ ಆಗಷ್ಟೇ 79 ತುಂಬಿತ್ತು.

ಅದೇ ಜುಲೈನಲ್ಲಿ ಬ್ರಿಟನ್ನಿನ ಬಿಬಿಸಿ ಒಂದು ಪಟ್ಟಿ ಹೊರಹಾಕಿತು. ವರ್ಷಕ್ಕೆ 1,50,000 ಪೌಂಡ್‌ಗಿಂತ ಹೆಚ್ಚು ಪಡೆಯುವ ತನ್ನ ನಿರೂಪಕರು ಮತ್ತು ನಟನಟಿಯರ ಹೆಸರುಗಳ ಪಟ್ಟಿ ಅದು. ಬಿಬಿಸಿ ಹೇಗೆ ನಡೆಯಬೇಕೆಂದು ನಿಗದಿ ಮಾಡುವ ಹೊಸ ರಾಜಸನ್ನದಿನ (ರಾಯಲ್ ಚಾರ್ಟರ್) ಷರತ್ತು ಇಲ್ಲದಿದ್ದರೆ ಬಿಬಿಸಿ ಅದನ್ನು ತಾನಾಗಿ ಪ್ರಕಟಿಸುತ್ತಿರಲಿಲ್ಲ. 96 ಹೆಸರುಗಳಲ್ಲಿ ಹೆಂಗಸರು ಮೂರನೇ ಒಂದು ಭಾಗದಷ್ಟು. ಮೊದಲ ಸ್ಥಾನದ ಗಂಡಸಿಗೆ 22 ಲಕ್ಷ ಪೌಂಡ್‌ಗೂ ಮೇಲೆ, ಹೆಂಗಸರಲ್ಲಿ ಮೊದಲಿಗರಾದವರಿಗೆ ಐದು ಲಕ್ಷಕ್ಕೂ ಒಳಗೆ. ಮರುದಿನದಿಂದ ಇಡೀ ದೇಶ ಅದನ್ನೇ ಮಾತಾಡಿತು. ಕೆಲವೇ ದಿನಗಳಲ್ಲಿ ಬಿಬಿಸಿಯ ನಲವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಸೇರಿ ಮಹಾನಿರ್ದೇಶಕರಿಗೆ ಬಹಿರಂಗ ಪತ್ರ ಬರೆದರು.

ಆ ನಲವತ್ತು ಜನ ಒಟ್ಟಾಗಿ ಕೇಳಿದ್ದನ್ನು ರಿಗ್ ಅರ್ಧ ಶತಮಾನದ ಹಿಂದೆ ಒಬ್ಬರೇ ಕೇಳಿದ್ದರು. ಬ್ರಿಟಿಷ್ ಟಿವಿಯಲ್ಲಿ ಹೆಣ್ಣಿನ ಸಂಭಾವನೆಯ ಚರ್ಚೆ ಇಂದು ಎಲ್ಲಿ ನಿಂತಿದೆ ಎಂದು ತಿಳಿಯಬೇಕಾದರೆ ಅವರ ವೃತ್ತಿಜೀವನವನ್ನು ಒಮ್ಮೆ ನೋಡಿಬರಬೇಕು. ನೋಡುತ್ತಾ ಹೋದಂತೆ ನನಗೆ ಸಿಕ್ಕ ವಿಷಯ ಒಂದೇ. ಹೆಣ್ಣಿಗೆ ಕಡಿಮೆ ಕೊಡಲು ಮುಂದಿಡುವ ಕಾರಣ ದಶಕಕ್ಕೊಂದರಂತೆ ಬದಲಾಗಿದೆ. ಕೊಡುವುದು ಎಷ್ಟೆಂಬ ಗುಟ್ಟು ಮಾತ್ರ ಬದಲಾಗಿಲ್ಲ.

ರಿಗ್ ಹುಟ್ಟಿದ್ದು 1938ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಡಾನ್‌ಕಾಸ್ಟರ್‌ನಲ್ಲಿ. ಎರಡು ತಿಂಗಳ ಕೂಸಾಗಿದ್ದಾಗಲೇ ಭಾರತಕ್ಕೆ ಬಂದರು. ತಂದೆ ಬಿಕಾನೇರಿನಲ್ಲಿ ರೈಲ್ವೆ ಅಧಿಕಾರಿ. ಎಂಟು ವರ್ಷದವರೆಗೆ ರಾಜಸ್ಥಾನದ ಮರಳಲ್ಲಿ ಆಡಿ ಬೆಳೆದ ಆ ಹುಡುಗಿಗೆ ಹಿಂದಿ ಎರಡನೆಯ ಮಾತಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ಯಾರ್ಕ್‌ಷೈರಿನ ಚಳಿಗೆ, ಒಂದು ವಸತಿ ಶಾಲೆಗೆ. ಅಲ್ಲಿ ಅವರು ಒಗ್ಗಿಕೊಳ್ಳಲೇ ಇಲ್ಲ. ಮುಂದೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಟನೆ ಕಲಿತು, 1959ರಲ್ಲಿ, ಮುಂದೆ ರಾಯಲ್ ಷೇಕ್ಸ್‌ಪಿಯರ್ ಕಂಪನಿಯಾದ ತಂಡ ಸೇರಿ, ‘ಕಿಂಗ್ ಲಿಯರ್’ನಲ್ಲಿ ಪಾಲ್ ಸ್ಕೋಫೀಲ್ಡ್ ಎದುರು ಕಾರ್ಡೀಲಿಯಾ ಆದರು. ಟಿವಿಗೆ ಬರುವ ಹೊತ್ತಿಗೆ ಅವರು ರಂಗಭೂಮಿಯಲ್ಲಿ ಪಳಗಿದ ನಟಿ. ಇದನ್ನು ಒತ್ತಿ ಹೇಳಬೇಕು. ಅವರನ್ನು ಕೇವಲ ಚೆಲುವೆ ಎಂದು ನೆನೆಯುವವರೇ ಹೆಚ್ಚು.

ಅವರನ್ನು ಮನೆಮಾತಾಗಿಸಿದ್ದು ‘ದಿ ಅವೆಂಜರ್ಸ್’ ಧಾರಾವಾಹಿ. ಈಗಿನ ಸೂಪರ್‌ಹೀರೋ ಸಿನಿಮಾಗಳಿಗೂ ಇದಕ್ಕೂ ಸಂಬಂಧವಿಲ್ಲ. 1961ರಲ್ಲಿ ಶುರುವಾದ ಬ್ರಿಟಿಷ್ ಪತ್ತೇದಾರಿ ಸರಣಿ ಇದು. ಬೌಲರ್ ಹ್ಯಾಟು, ಛತ್ರಿಯ ಜಾನ್ ಸ್ಟೀಡ್ ಆಗಿ ಪ್ಯಾಟ್ರಿಕ್ ಮ್ಯಾಕ್ನೀ ಮೊದಲಿಂದ ಕೊನೆಯವರೆಗೆ ಇದ್ದರು. ಜೊತೆಗಾರ್ತಿಯರು ಮಾತ್ರ ಬದಲಾಗುತ್ತಾ ಹೋದರು. ಆನರ್ ಬ್ಲ್ಯಾಕ್‌ಮನ್ ಎರಡು ವರ್ಷ ಮಾಡಿ ಬಾಂಡ್ ಸಿನಿಮಾಕ್ಕೆ ಹೋದರು. ಅವರ ಜಾಗಕ್ಕೆ ಆಯ್ಕೆಯಾದ ಎಲಿಜಬೆತ್ ಶೆಫರ್ಡ್ ಅವರನ್ನು ಚಿತ್ರೀಕರಣ ಶುರುವಾದ ಮೇಲೆ ಕೈಬಿಟ್ಟರು. ಹಾಗೆ ತೆರವಾದ ಪಾತ್ರ ರಿಗ್ ಪಾಲಿಗೆ ಬಂತು. ರಿಗ್ ಹೋದ ಮೇಲೆ ಲಿಂಡಾ ಥೋರ್ಸನ್ ಬಂದರು. ಗಂಡಸು ಸರಣಿಯ ಕಂಬ, ಹೆಂಗಸು ಅದಕ್ಕೆ ಕಟ್ಟಿದ ತೋರಣ. ಬಾಡಿದರೆ ಇನ್ನೊಂದು ಕಟ್ಟಿದರಾಯಿತು. ಲೆಕ್ಕಾಚಾರ ಹೀಗಿದ್ದಲ್ಲಿ ಸಂಭಾವನೆ ಹೇಗೆ ನಿಗದಿಯಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪಾತ್ರಕ್ಕೆ ಹೆಸರಿಟ್ಟ ಬಗೆ ನೋಡಿ. ಗಂಡಸರನ್ನು ಸೆಳೆಯುವಂತಿರಬೇಕು ಎಂಬರ್ಥದ ‘ಮ್ಯಾನ್ ಅಪೀಲ್’ ಎಂಬ ಮಾತು ‘ಎಂ ಅಪೀಲ್’ ಆಗಿ, ಕೊನೆಗೆ ‘ಎಮ್ಮಾ ಪೀಲ್’ ಆಯಿತು. ಹೆಸರಲ್ಲೇ ಪಾತ್ರದ ಕೆಲಸ ಏನೆಂದು ಬರೆದಿಟ್ಟಿದ್ದರು. ಪರದೆಯ ಮೇಲೆ ಬಂದದ್ದು ಬೇರೆಯೇ. ಎಮ್ಮಾ ಪೀಲ್ ವಿಜ್ಞಾನ ಬಲ್ಲವಳು, ಕಾರು ಓಡಿಸುವವಳು, ಕತ್ತಿವರಸೆ ಗೊತ್ತಿದ್ದವಳು, ತನಗಿಂತ ದಪ್ಪದ ಗಂಡಸರನ್ನು ಎತ್ತಿ ಒಗೆಯುವವಳು. ಸ್ಟೀಡ್ ಜೊತೆ ಮಾತಿಗೆ ಮಾತು, ನಗೆಗೆ ನಗೆ. ಬ್ಲ್ಯಾಕ್‌ಮನ್ ಕಾಲದಲ್ಲಿ ಗಂಡು ಪಾತ್ರಕ್ಕೆಂದು ಬರೆದಿಟ್ಟಿದ್ದ ಮಾತುಗಳನ್ನೇ ಹೆಣ್ಣು ಪಾತ್ರದ ಬಾಯಲ್ಲಿ ಹೇಳಿಸಿದ್ದರಿಂದ ಈ ದಾರಿ ತೆರೆದುಕೊಂಡಿತ್ತು. ರಿಗ್ ಅದಕ್ಕೆ ತಮ್ಮ ರಂಗಭೂಮಿಯ ನಾಲಿಗೆ ಸೇರಿಸಿದರು. ಹದಿಹರೆಯದ ಹುಡುಗರಿಂದ ಪತ್ರಗಳು ರಾಶಿ ಬೀಳುತ್ತಿದ್ದವಂತೆ. ಉತ್ತರ ಬರೆಯುವ ಕೆಲಸ ಅವರ ತಾಯಿಯದು. ನನ್ನ ಮಗಳು ನಿನಗಿಂತ ತುಂಬಾ ದೊಡ್ಡವಳಪ್ಪ, ಎದ್ದು ಹೊರಗೆ ಹೋಗಿ ಒಂದು ಸುತ್ತು ಓಡಿ ಬಾ ಎಂಬ ಧಾಟಿಯಲ್ಲಿ ಆ ತಾಯಿ ಬರೆಯುತ್ತಿದ್ದರೆಂದು ರಿಗ್ ಮುಂದೆ ಪ್ರೀತಿಯಿಂದ ಹೇಳಿಕೊಂಡಿದ್ದಾರೆ.

ಈಗ ಹಣದ ಮಾತು. ರಿಗ್ ಬರುವ ಹೊತ್ತಿಗೆ ಸರಣಿಯನ್ನು ವಿಡಿಯೊ ಟೇಪ್ ಬಿಟ್ಟು 35 ಎಂಎಂ ಫಿಲ್ಮಿನಲ್ಲಿ ತೆಗೆಯತೊಡಗಿದ್ದರು, ಅಮೆರಿಕಕ್ಕೆ ಮಾರಬೇಕೆಂಬ ಉದ್ದೇಶದಿಂದ. ಅಮೆರಿಕದ ಎಬಿಸಿ ಜಾಲ 26 ಕಂತುಗಳಿಗೆ ಕೊಟ್ಟ ಹಣ 20 ಲಕ್ಷ ಡಾಲರ್. ಬ್ರಿಟಿಷ್ ಧಾರಾವಾಹಿಗೆ ಆವರೆಗೆ ಯಾರೂ ಕೇಳಿರದ ಮೊತ್ತ. ಆಗಿನ ವಿನಿಮಯ ದರದಲ್ಲಿ ಸುಮಾರು ಏಳು ಲಕ್ಷ ಪೌಂಡ್. ರಿಗ್ ಸಂಭಾವನೆ ವಾರಕ್ಕೆ 150 ಪೌಂಡ್. ವರ್ಷದ 52 ವಾರವೂ ಕೊಟ್ಟರು ಎಂದಿಟ್ಟುಕೊಂಡರೂ 7,800. ಅಮೆರಿಕವೊಂದರಿಂದಲೇ ಬಂದ ಹಣದಲ್ಲಿ ನೂರಕ್ಕೆ ಒಂದರ ಆಸುಪಾಸು. ಸರಣಿಯ ಅರ್ಧ ಭಾರ ಹೊತ್ತವರಿಗೆ ಸಿಕ್ಕ ಪಾಲು ಇದು.

ಆ ಕಾಲದ ಇಂಗ್ಲೆಂಡಿನಲ್ಲಿ ಕಾರ್ಖಾನೆಯ ಗಂಡಾಳಿನ ವಾರದ ದುಡಿಮೆ 20 ಪೌಂಡ್ ಆಸುಪಾಸಿನಲ್ಲಿತ್ತು. ಅದರ ಏಳು ಪಟ್ಟು ಪಡೆಯುವ ತಾರೆಗೆ ಮರುಗಬೇಕೇ ಎಂದು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ನನ್ನ ಉತ್ತರ: ಮರುಗುವ ಪ್ರಶ್ನೆಯೇ ಇಲ್ಲಿಲ್ಲ. ಇರುವುದು ಪಾಲಿನ ಪ್ರಶ್ನೆ. ತಾರೆಗೆ ಕೊಡದೆ ಉಳಿಸಿದ ಹಣ ಕಾರ್ಖಾನೆಯ ಕೂಲಿಯವನ ಜೇಬಿಗೇನೂ ಹೋಗಲಿಲ್ಲ, ನಿರ್ಮಾಣ ಕಂಪನಿಯಲ್ಲೇ ಉಳಿಯಿತು. ಇನ್ನೊಂದು ಮಾತೂ ಇದೆ. ಹೆಸರಿದ್ದವಳಿಗೇ ನ್ಯಾಯ ಸಿಗದ ಕಡೆ ಹೆಸರಿಲ್ಲದವಳಿಗೆ ಏನು ಸಿಕ್ಕೀತು?

ಮೊದಲ ಸುತ್ತಿನ ಕಂತುಗಳು ಮುಗಿಯುವ ಹೊತ್ತಿಗೆ ರಿಗ್‌ಗೆ ಒಂದು ವಿಷಯ ಗೊತ್ತಾಯಿತು. ತಮಗಿಂತ ಕ್ಯಾಮೆರಾಮನ್‌ಗೆ ಹೆಚ್ಚು ಸಿಗುತ್ತಿತ್ತು. ಈ ಮಾತನ್ನು ಬಹಳ ಜನ ಅವಮಾನದ ಕತೆಯಾಗಿ ಹೇಳಿ ಮುಗಿಸುತ್ತಾರೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಬ್ರಿಟನ್ನಿನ ಸಿನಿಮಾ ತಂತ್ರಜ್ಞರ ಸಂಘ ಆ ಕಾಲಕ್ಕೆ ಬಲು ಬಿಗಿಯಾದದ್ದು. ಸದಸ್ಯತ್ವದ ಕಾರ್ಡ್ ಇಲ್ಲದವರಿಗೆ ಸ್ಟುಡಿಯೊದೊಳಗೆ ಕೆಲಸ ಸಿಗುವುದೇ ಕಷ್ಟ. ಯಾವ ದರ್ಜೆಯವರಿಗೆ ಎಷ್ಟು ದರ, ಹೊತ್ತು ಮೀರಿದರೆ ಎಷ್ಟು ಎಂಬುದೆಲ್ಲ ಸಂಘಕ್ಕೂ ನಿರ್ಮಾಪಕರಿಗೂ ಆದ ಒಪ್ಪಂದದಲ್ಲಿ ಬರೆದಿಟ್ಟದ್ದು, ಎಲ್ಲರಿಗೂ ಗೊತ್ತಿದ್ದದ್ದು. ನಟನಟಿಯರ ಸಂಘವೂ ಇತ್ತು, ಕನಿಷ್ಠ ದರವೂ ಇತ್ತು. ಆದರೆ ಆ ಕನಿಷ್ಠದ ಮೇಲೆ ಮುಖ್ಯ ಪಾತ್ರದವರಿಗೆ ಎಷ್ಟು ಎಂಬುದು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಮಾಡುವ ಮಾತುಕತೆ. ಕ್ಯಾಮೆರಾಮನ್ ತನ್ನ ಬೆಲೆ ತಿಳಿದು ಸ್ಟುಡಿಯೊಗೆ ಬರುತ್ತಿದ್ದ. ನಾಯಕಿಗೆ ತನ್ನ ಬೆಲೆ ತಿಳಿಯಬೇಕಾದರೆ ಯಾರಾದರೂ ಬಾಯಿ ಬಿಡಬೇಕಿತ್ತು.

ಯಾರೋ ಬಿಟ್ಟರು. ರಿಗ್ ಹೋಗಿ ಕೇಳಿದರು. 150 ಇದ್ದದ್ದನ್ನು 450 ಮಾಡಿ, ಇಲ್ಲದಿದ್ದರೆ ಮುಂದಿನ ಕಂತುಗಳಿಗೆ ನಾನಿಲ್ಲ ಎಂಬಂತೆ ಪಟ್ಟು ಹಿಡಿದರು. ಹಣ ಹೆಚ್ಚಾಯಿತು. ಪತ್ರಿಕೆಗಳು ಮಾತ್ರ ಅವರನ್ನು ಹಣಬಾಕಳಂತೆ ಚಿತ್ರಿಸಿದವು. ಉದ್ಯಮದ ಒಬ್ಬ ಹೆಂಗಸೂ ಆಗ ನನ್ನ ಪರ ನಿಲ್ಲಲಿಲ್ಲ, ಪ್ಯಾಟ್ರಿಕ್ ಕೂಡ ನಿಲ್ಲಲಿಲ್ಲ, ನಾನು ಕೇಳಿದ್ದು ಸಮಾನತೆಯನ್ನಷ್ಟೇ ಎಂದು 2019ರಲ್ಲಿ ಅವರು ನೆನೆದರು. ಇಷ್ಟು ವರ್ಷವಾದ ಮೇಲೂ ಇದೇ ವಿಷಯ ಮಾತಾಡುತ್ತಿದ್ದೇವಲ್ಲ ಎಂಬ ಬೇಸರವನ್ನೂ ಹೇಳಿಕೊಂಡರು. ಬೇರೆ ನಟಿಯರು ಸುಮ್ಮನಿದ್ದುದಕ್ಕೆ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಜೊತೆಗಾರ್ತಿಯರನ್ನು ಅಂಗಿ ಬದಲಿಸಿದಂತೆ ಬದಲಿಸುವ ಕಡೆ, ತನ್ನ ಒಪ್ಪಂದವೇ ಮುಂದಿನ ವರ್ಷ ಇರುತ್ತದೋ ಇಲ್ಲವೋ ಎಂಬ ಕಡೆ, ಇನ್ನೊಬ್ಬಳ ಪರ ದನಿ ಎತ್ತುವುದು ಸುಲಭವಲ್ಲ. ರಿಗ್ ಕೇಳಬಲ್ಲವರಾಗಿದ್ದಕ್ಕೂ ಕಾರಣವಿತ್ತು. ಟಿವಿ ಬಿಟ್ಟರೆ ಅವರಿಗೆ ಹೋಗಲು ರಂಗಭೂಮಿ ಇತ್ತು.

51 ಕಂತು ಮುಗಿಸಿ 1967ರಲ್ಲಿ ಅವರು ಸರಣಿ ಬಿಟ್ಟರು. ಅವರ ಕೊನೆಯ ಕಂತು ಪ್ರಸಾರವಾದದ್ದು ಆಮೇಲೆ.

ಈ ಜಗಳ ನಡೆದಾಗ ಬ್ರಿಟನ್ನಿನಲ್ಲಿ ಸಮಾನ ವೇತನದ ಕಾನೂನೇ ಇರಲಿಲ್ಲ. ಕಾರ್ಖಾನೆಗಳಲ್ಲಿ ಗಂಡಸರ ದರ, ಹೆಂಗಸರ ದರ ಎಂದು ಬೇರೆ ಬೇರೆ ನಿಗದಿ ಮಾಡುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. 1968ರಲ್ಲಿ ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ಕೂತ ಮೇಲೆ ಸರ್ಕಾರ ಅಲುಗಿತು. ಸಚಿವೆ ಬಾರ್ಬರಾ ಕಾಸಲ್ ಮುಂದೆ ನಿಂತು 1970ರ ಸಮಾನ ವೇತನ ಕಾಯ್ದೆ ತಂದರು. ಜಾರಿಯಾಗಿದ್ದು 1975ರ ಕೊನೆಗೆ. ಮಾಲೀಕರು ಸಿದ್ಧರಾಗಲಿ ಎಂದು ಐದು ವರ್ಷದ ಗಡುವು.

ಈ ಕಾಯ್ದೆ 1966ರಲ್ಲೇ ಇದ್ದಿದ್ದರೆ ರಿಗ್‌ಗೆ ನೆರವಾಗುತ್ತಿತ್ತೇ? ಕ್ಯಾಮೆರಾಮನ್ ಹೋಲಿಕೆ ಹಿಡಿದು ಹೋಗಿದ್ದರೆ ಬಹುಶಃ ಇಲ್ಲ. ಮೊದಲ ಕಾಯ್ದೆ ಹೇಳಿದ್ದು ಒಂದೇ ಬಗೆಯ ಕೆಲಸಕ್ಕೆ, ಅಥವಾ ಮಾಲೀಕನೇ ಅಳೆದು ಸಮಾನ ದರ್ಜೆ ಎಂದು ಒಪ್ಪಿದ ಕೆಲಸಕ್ಕೆ ಸಮಾನ ವೇತನ ಎಂದು. ಕೆಲಸ ಬೇರೆಯಾದರೂ ಬೆಲೆ ಸಮಾನ ಎಂದು ವಾದಿಸುವ ಹಕ್ಕು ಸಿಕ್ಕಿದ್ದು 1984ರಲ್ಲಿ, ಅದೂ ಯುರೋಪಿಯನ್ ನ್ಯಾಯಾಲಯ ಚುಚ್ಚಿದ ಮೇಲೆ. ಡಾಗೆನ್‌ಹ್ಯಾಮ್‌ನ ಹೊಲಿಗೆಯವರಿಗೂ ತಾವು ಕುಶಲಕರ್ಮಿಗಳು ಎಂಬ ಮಾನ್ಯತೆ ಸಿಕ್ಕಿದ್ದು ಅದೇ 1984ರಲ್ಲಿ, ಮತ್ತೊಂದು ಮುಷ್ಕರ ಹೂಡಿದ ಮೇಲೆ. ಕಾನೂನಿನಲ್ಲಿ ಇನ್ನೊಂದು ಕಿಂಡಿಯೂ ಇದೆ. ಸಂಬಳದ ಅಂತರಕ್ಕೆ ಹೆಣ್ಣು ಗಂಡು ಎಂಬುದರ ಹೊರಗಿನ ನಿಜವಾದ ಕಾರಣ ಇದೆ ಎಂದು ಮಾಲೀಕ ತೋರಿಸಿದರೆ ಅವನು ಪಾರು. ಅನುಭವ, ಜವಾಬ್ದಾರಿ, ಮಾರುಕಟ್ಟೆಯ ಬೇಡಿಕೆ. ನಟನೆಯ ಲೋಕದಲ್ಲಿ ಈ ಮೂರನೆಯದನ್ನು ಎಳೆದಷ್ಟೂ ಹಿಗ್ಗಿಸಬಹುದು.

ರಿಗ್ ಮುಂದಿನ ಹಾದಿ ಏರಿಳಿತದ್ದು. 1969ರಲ್ಲಿ ಜೇಮ್ಸ್ ಬಾಂಡ್ ತಾಳಿ ಕಟ್ಟಿದ ಹೆಂಡತಿಯಾದರು. 1971ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ನಗ್ನ ದೃಶ್ಯವಿದ್ದ ನಾಟಕ ಮಾಡಿದಾಗ ಒಬ್ಬ ವಿಮರ್ಶಕ ನಟನೆ ಬಿಟ್ಟು ಅವರ ಮೈಕಟ್ಟನ್ನು ಕಟ್ಟಡಕ್ಕೆ ಹೋಲಿಸಿ ಹೀಗಳೆದ. ಆ ನೋವನ್ನು ಅವರು ವ್ಯರ್ಥ ಮಾಡಲಿಲ್ಲ. ಬೇರೆ ಬೇರೆ ಕಲಾವಿದರು ತಿಂದ ಅತಿ ಕೆಟ್ಟ ವಿಮರ್ಶೆಗಳನ್ನೆಲ್ಲ ಕಲೆಹಾಕಿ 1982ರಲ್ಲಿ ಪುಸ್ತಕ ಮಾಡಿದರು. ಅಮೆರಿಕದ ಎನ್‌ಬಿಸಿಯಲ್ಲಿ ಅವರ ಹೆಸರಿನದೇ ಹಾಸ್ಯ ಧಾರಾವಾಹಿ 1973ರಲ್ಲಿ ಬಂದು ಒಂದೇ ಸೀಸನ್ನಿಗೆ ನಿಂತಿತು. ಲಂಡನ್ನಿನ ನ್ಯಾಷನಲ್ ಥಿಯೇಟರ್ ಮಾತ್ರ ಅವರನ್ನು ಕೈಬಿಡಲಿಲ್ಲ.

ಟಿವಿಯಲ್ಲಿ ಅವರ ಎರಡನೆಯ ಬೆಳೆ ಬಂದದ್ದು ನಡುವಯಸ್ಸಿನಲ್ಲಿ. 1985ರಲ್ಲಿ ಬಿಬಿಸಿಯ ‘ಬ್ಲೀಕ್ ಹೌಸ್’ನಲ್ಲಿ ಒಳಗಿನ ಗುಟ್ಟು ಸುಡುತ್ತಿದ್ದರೂ ಮುಖದಲ್ಲಿ ಒಂದು ಗೆರೆಯೂ ಅಲುಗದ ಲೇಡಿ ಡೆಡ್‌ಲಾಕ್. 1989ರ ‘ಮದರ್ ಲವ್’ನಲ್ಲಿ ಮಗನನ್ನು ಯಾರಿಗೂ ಬಿಟ್ಟುಕೊಡದ, ಅದಕ್ಕಾಗಿ ಕೊಲೆಗೂ ಹೇಸದ ತಾಯಿ. ಅದಕ್ಕೆ ಬಾಫ್ಟಾ ಪ್ರಶಸ್ತಿ ಬಂತು. 1994ರಲ್ಲಿ ಬ್ರಾಡ್‌ವೇಯ ‘ಮಿಡಿಯಾ’ ನಾಟಕಕ್ಕೆ ಟೋನಿ ಪ್ರಶಸ್ತಿ. 1997ರಲ್ಲಿ ‘ರೆಬೆಕಾ’ದ ಮಿಸೆಸ್ ಡ್ಯಾನ್ವರ್ಸ್‌ಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ. ಎಮ್ಮಿಗೆ ಅವರ ಹೆಸರು ಒಟ್ಟು ಒಂಬತ್ತು ಸಲ ನಾಮನಿರ್ದೇಶನವಾಯಿತು; ಮೊದಲನೆಯದು 1967ರಲ್ಲಿ ಎಮ್ಮಾ ಪೀಲ್‌ಗೆ, ಕೊನೆಯದು 2018ರಲ್ಲಿ ಒಲೆನ್ನಾಗೆ.

ಈ ಪಟ್ಟಿಯನ್ನು ಗೆಲುವಿನ ಕತೆಯಾಗಿ ಓದಬಹುದು. ನನಗೆ ಅದರ ಅಡಿಯಲ್ಲಿ ಇನ್ನೊಂದು ಕಾಣುತ್ತದೆ. ನಲವತ್ತು ದಾಟಿದ ಮೇಲೆ ಪರದೆಯ ಮೇಲೆ ಅವರಿಗೆ ಸಿಕ್ಕ ದೊಡ್ಡ ಪಾತ್ರಗಳೆಲ್ಲ ಕಲಂಕ ಹೊತ್ತ ಹೆಂಗಸರು, ಕೇಡಿನ ತಾಯಂದಿರು, ಹಟದ ಮುದುಕಿಯರು. ಅವರು ಅವನ್ನು ಎತ್ತಿ ಹಿಡಿದದ್ದು ತಮ್ಮ ಕಸುಬಿನಿಂದ. ಸ್ಟೀಡ್ ಪಾತ್ರಕ್ಕೆ ಬಂದಾಗ ಮ್ಯಾಕ್ನೀ ನಲವತ್ತರ ಹತ್ತಿರದವರು. ಆ ವಯಸ್ಸಿನಿಂದ ಶುರುಮಾಡಿ ಐವತ್ತು ದಾಟಿದ ಮೇಲೂ, 1976ರ ಹೊಸ ಅವೆಂಜರ್ಸ್‌ನಲ್ಲಿ, ಅದೇ ಪಾತ್ರ ಮಾಡಿದರು. ಎಮ್ಮಾ ಪೀಲ್‌ಗೆ ಇಪ್ಪತ್ತೇಳು ವಯಸ್ಸು ಬೇಕಿತ್ತು. ಹೆಣ್ಣಿನ ಸಂಭಾವನೆಯ ಲೆಕ್ಕದಲ್ಲಿ ವಾರದ ಮೊತ್ತವನ್ನಷ್ಟೇ ನೋಡಿದರೆ ಸಾಲದು, ಆ ಮೊತ್ತ ಎಷ್ಟು ವರ್ಷ ಬರುತ್ತದೆ ಎಂಬುದನ್ನೂ ಸೇರಿಸಬೇಕು.

ಇನ್ನು ಈಚಿನ ಸಂಗತಿಗೆ ಬರೋಣ. 2018ರ ಮಾರ್ಚ್‌ನಲ್ಲಿ ಜೆರುಸಲೇಮಿನಲ್ಲಿ ಟಿವಿ ಉದ್ಯಮದ ಒಂದು ಸಮ್ಮೇಳನ ನಡೆಯಿತು. ‘ದಿ ಕ್ರೌನ್’ ನಿರ್ಮಾಪಕರು ವೇದಿಕೆಯಲ್ಲಿದ್ದರು. ರಾಣಿ ಎಲಿಜಬೆತ್ ಆಗಿದ್ದ ಕ್ಲೇರ್ ಫಾಯ್ ಅವರಿಗಿಂತ ರಾಣಿಯ ಗಂಡನ ಪಾತ್ರದ ಮ್ಯಾಟ್ ಸ್ಮಿತ್‌ಗೆ ಹೆಚ್ಚು ಕೊಟ್ಟಿದ್ದೆವು ಎಂದು ಅವರು ಅಲ್ಲಿ ಒಪ್ಪಿಕೊಂಡರು. ಕಾರಣ: ಸ್ಮಿತ್ ಅದಕ್ಕೂ ಮೊದಲು ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ಡಾಕ್ಟರ್ ಪಾತ್ರ ಮಾಡಿ ಹೆಸರಾಗಿದ್ದರು. ಇನ್ನು ಮುಂದೆ ರಾಣಿಗಿಂತ ಹೆಚ್ಚು ಯಾರಿಗೂ ಇಲ್ಲ ಎಂದೂ ಹೇಳಿದರು. ಆ ಹೊತ್ತಿಗೆ ಫಾಯ್ ಎರಡು ಸೀಸನ್ ಮುಗಿಸಿ ಸಿಂಹಾಸನ ಬಿಟ್ಟಾಗಿತ್ತು. ಮುಂದಿನ ರಾಣಿ ಒಲಿವಿಯಾ ಕೋಲ್ಮನ್.

ಹೆಸರಿದ್ದವರಿಗೆ ಹೆಚ್ಚು ಎಂಬುದು ಕೇಳಲು ನ್ಯಾಯವೆನಿಸುತ್ತದೆ. ಆದರೆ ಆ ಹೆಸರು ಬಂದದ್ದು ಎಲ್ಲಿಂದ? ‘ಡಾಕ್ಟರ್ ಹೂ’ ಶುರುವಾದದ್ದು 1963ರಲ್ಲಿ. ಡಾಕ್ಟರ್ ಪಾತ್ರವನ್ನು ಖಾಯಂ ಆಗಿ ಒಬ್ಬ ಹೆಂಗಸಿಗೆ, ಜೋಡಿ ವಿಟೇಕರ್‌ಗೆ, ಕೊಡುವುದಾಗಿ ಘೋಷಿಸಿದ್ದು 2017ರಲ್ಲಿ, ಕಾಕತಾಳೀಯವೆಂಬಂತೆ ಅದೇ ಜುಲೈನಲ್ಲಿ. ಅಂದರೆ ಹೆಸರು ತಂದುಕೊಡುವ ಆ ಕುರ್ಚಿಯಲ್ಲಿ ಐವತ್ತು ವರ್ಷಕ್ಕೂ ಮೀರಿ ಗಂಡಸರೇ ಕೂತಿದ್ದರು. ಅಲ್ಲಿಂದ ಗಳಿಸಿದ ಬೆಲೆ ಮುಂದಿನ ಒಪ್ಪಂದಕ್ಕೆ ತಳಹದಿಯಾಯಿತು. ಹಳೆಯ ಅಂತರ ಹೊಸ ಕೆಲಸಕ್ಕೆ ಹೀಗೆ ಹೊಸಿಲು ದಾಟಿ ಬರುತ್ತದೆ, ಯಾರೂ ಕೆಟ್ಟ ಉದ್ದೇಶ ಇಟ್ಟುಕೊಳ್ಳದಿದ್ದರೂ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ವೇತನ ಪಾರದರ್ಶಕತೆಯ ನಿಯಮ, ಕೆಲಸಕ್ಕೆ ಬಂದವರ ಹಿಂದಿನ ಸಂಬಳ ಕೇಳುವುದನ್ನೇ ನಿಷೇಧಿಸುತ್ತದೆ. ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ಬ್ರಿಟನ್ ಒಕ್ಕೂಟ ಬಿಟ್ಟು ಹೊರಬಂದಿದೆ.

ಸಂಬಳದ ಮಾತು ಹೊರಗೆ ಬಿಡಬಾರದು ಎಂಬ ಷರತ್ತಿನ ವಿಷಯ ಹೇಗೆ? ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯ 77ನೇ ಕಲಂ ಪ್ರಕಾರ, ತಾರತಮ್ಯ ನಡೆದಿದೆಯೇ ಎಂದು ತಿಳಿಯಲು ಸಹೋದ್ಯೋಗಿಗಳು ಸಂಬಳ ಹೇಳಿಕೊಂಡರೆ ಅಂಥ ಷರತ್ತು ನಿಲ್ಲುವುದಿಲ್ಲ. ಕೇಳುವ ಹಕ್ಕಿದೆ. ಕೇಳುವ ಧೈರ್ಯ, ಹೇಳುವ ಮನಸ್ಸು ಕಾನೂನಿನಿಂದ ಬರುವುದಿಲ್ಲ. ಅದಕ್ಕೇ 2017ರ ಬಿಬಿಸಿ ಪಟ್ಟಿ ಅಷ್ಟು ದೊಡ್ಡ ಕೆಲಸ ಮಾಡಿತು. ಬಿಬಿಸಿಯ ಚೀನಾ ಸುದ್ದಿಗಳ ಸಂಪಾದಕಿಯಾಗಿದ್ದ ಕ್ಯಾರಿ ಗ್ರೇಸಿಗೆ, ತನ್ನಂಥದೇ ಹುದ್ದೆಯ ಗಂಡಸರಿಗೆ ಕಡಿಮೆಯೆಂದರೂ ಅರ್ಧದಷ್ಟು ಹೆಚ್ಚು ಸಿಗುತ್ತಿದೆ ಎಂದು ಗೊತ್ತಾದದ್ದು ಆ ಪಟ್ಟಿ ಬಂದ ಮೇಲೆ. 2018ರ ಜನವರಿಯಲ್ಲಿ ಅವರು ಹುದ್ದೆ ಬಿಟ್ಟರು, ಜೂನ್‌ನಲ್ಲಿ ಬಿಬಿಸಿ ಕ್ಷಮೆ ಕೇಳಿತು, ಬಂದ ಬಾಕಿಯನ್ನು ಅವರು ಹೆಣ್ಣುಮಕ್ಕಳ ಹಕ್ಕಿಗಾಗಿ ದುಡಿಯುವ ಫಾಸೆಟ್ ಸೊಸೈಟಿಗೆ ಕೊಟ್ಟರು.

ನಟಿಯರಿಗೆ ಈ ಬೆಳಕು ಹೆಚ್ಚು ದಿನ ಉಳಿಯಲಿಲ್ಲ. 2017ರ ಪಟ್ಟಿಯಲ್ಲಿ ಆಸ್ಪತ್ರೆ ಧಾರಾವಾಹಿ ‘ಕ್ಯಾಶುವಾಲ್ಟಿ’ಯ ನಟನಟಿಯರ ಹೆಸರಿತ್ತು; ನಟರಲ್ಲಿ ಮೊದಲಿಗರಿಗೂ ನಟಿಯರಲ್ಲಿ ಮೊದಲಿಗರಿಗೂ ಒಂದೇ ಧಾರಾವಾಹಿಯಲ್ಲಿದ್ದರೂ ದೊಡ್ಡ ಅಂತರವಿತ್ತು. ಮರುವರ್ಷದ ಪಟ್ಟಿಯಲ್ಲಿ ಆ ಹೆಸರುಗಳೇ ಇರಲಿಲ್ಲ. ಅಂಥ ಧಾರಾವಾಹಿಗಳ ನಿರ್ಮಾಣ ಬಿಬಿಸಿ ಸ್ಟುಡಿಯೋಸ್ ಎಂಬ ವಾಣಿಜ್ಯ ಕಂಪನಿಗೆ ಸೇರಿದ್ದರಿಂದ ಲೆಕ್ಕ ಹೊರಗೆ ಕೊಡಬೇಕಾದ ನಿಯಮ ಅವಕ್ಕೆ ತಗುಲಲಿಲ್ಲ. ಖಾಸಗಿ ನಿರ್ಮಾಪಕರಿಗೂ ಸ್ಟ್ರೀಮಿಂಗ್ ವೇದಿಕೆಗಳಿಗೂ ಅಂಥ ನಿಯಮ ಮೊದಲೇ ಇಲ್ಲ. 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದ ಕಂಪನಿಗಳು ಪ್ರಕಟಿಸಬೇಕಾದ ಹೆಣ್ಣು–ಗಂಡು ವೇತನ ಅಂತರದ ವರದಿಯಲ್ಲಿ ಸಿಗುವುದು ಒಟ್ಟು ಸರಾಸರಿ. ಇಬ್ಬರು ಕಲಾವಿದರ ನಡುವಿನ ಅಂತರ ಅದರಲ್ಲಿ ಕಾಣುವುದಿಲ್ಲ.

ಕೊನೆಗೊಂದು ಮೊಕದ್ದಮೆ. ಬಿಬಿಸಿಯಲ್ಲಿ ವೀಕ್ಷಕರ ದೂರುಗಳನ್ನು ಚರ್ಚಿಸುವ ಎರಡು ಕಿರು ಕಾರ್ಯಕ್ರಮಗಳಿದ್ದವು. ‘ನ್ಯೂಸ್‌ವಾಚ್’ ನಡೆಸುತ್ತಿದ್ದ ಸಮೀರಾ ಅಹ್ಮದ್‌ಗೆ ಕಂತಿಗೆ 440 ಪೌಂಡ್. ‘ಪಾಯಿಂಟ್ಸ್ ಆಫ್ ವ್ಯೂ’ ನಡೆಸುತ್ತಿದ್ದ ಜೆರೆಮಿ ವೈನ್‌ಗೆ 3,000 ಪೌಂಡ್. ಸಮಾನ ವೇತನ ಕೇಳಿ ಅಹ್ಮದ್ ಉದ್ಯೋಗ ನ್ಯಾಯಮಂಡಳಿಗೆ ಹೋದರು. ಎರಡೂ ಬೇರೆ ಬಗೆಯ ಕಾರ್ಯಕ್ರಮ, ಒಂದು ಸುದ್ದಿಯದು, ಇನ್ನೊಂದು ಮನರಂಜನೆಯದು, ವೈನ್ ಕಣ್ಣಲ್ಲಿ ಒಂದು ತುಂಟ ಹೊಳಪು ಬೇಕಿತ್ತು ಎಂಬುದು ಬಿಬಿಸಿ ವಾದ. ಆ ಹೊಳಪು ಹೇಗೆ ಒಂದು ಕೌಶಲವಾಗುತ್ತದೆ ಎಂಬುದೇ ನ್ಯಾಯಮಂಡಳಿಗೆ ಅರ್ಥವಾಗಲಿಲ್ಲ. ಇಬ್ಬರೂ ಮುಂದಿನ ಪರದೆಯಲ್ಲಿ ಬರೆದದ್ದನ್ನು ಓದುತ್ತಿದ್ದರು. ಕಣ್ಣು ಹೊರಳಿಸು ಎಂದು ಅಲ್ಲಿ ಬರೆದಿದ್ದರೆ ವೈನ್ ಹೊರಳಿಸುತ್ತಿದ್ದರು, ಅದಕ್ಕೆ ವಿಶೇಷ ಅನುಭವ ಬೇಕಿಲ್ಲ ಎಂದು ಮಂಡಳಿ ಹೇಳಿತು. 2020ರ ಜನವರಿಯಲ್ಲಿ ಅಹ್ಮದ್ ಪರ ಬಂದ ಆ ತೀರ್ಪು ಒಮ್ಮತದ್ದು. ಅದೇ ವರ್ಷ ಸೆಪ್ಟೆಂಬರ್ 10ರಂದು ರಿಗ್ ತೀರಿಕೊಂಡರು.

ಅಹ್ಮದ್ ಕೇಳಿದ್ದ ಬಾಕಿ ಏಳು ಲಕ್ಷ ಪೌಂಡ್‌ಗೆ ಹತ್ತಿರ. ತೀರ್ಪು ಬಂದ ಮರುತಿಂಗಳು ಅವರಿಗೂ ಬಿಬಿಸಿಗೂ ರಾಜಿಯಾಯಿತು. ಎಷ್ಟಕ್ಕೆ ಎಂಬುದನ್ನು ಎರಡೂ ಕಡೆಯವರು ಹೊರಗೆ ಹೇಳಲಿಲ್ಲ.